ಕಾರು ವಿಮೆ: ನವೀಕರಣದಿಂದ ಕ್ಲೇಮಿನವರೆಗೆ, ಯಾವುದರ ನಂತರ ಯಾವುದು

ಮಳೆಗಾಲ ಬಂತೆಂದರೆ ನನಗೆ ಬರುವ ಫೋನ್ ಕರೆಗಳಲ್ಲಿ ಮೂರು ಬಗೆ. ‘ಫುಲ್ ಇನ್ಶೂರೆನ್ಸ್ ಮಾಡಿಸಿದ್ದೆ, ಎಂಜಿನ್‌ಗೆ ದುಡ್ಡು ಕೊಡುವುದಿಲ್ಲವಂತೆ’ ಎನ್ನುವವರು ಮೊದಲನೆಯವರು. ‘ಮೂವತ್ತಾರು ಸಾವಿರದ ಬಿಲ್ಲಿಗೆ ಇಪ್ಪತ್ತೈದು ಸಾವಿರ ಚಿಲ್ಲರೆ ಬಂತು, ಉಳಿದದ್ದು ಎಲ್ಲಿ ಹೋಯಿತು’ ಎನ್ನುವವರು ಎರಡನೆಯವರು. ‘ಷೋರೂಮಿನಲ್ಲಿ ಮೂರು ವರ್ಷದ ಇನ್ಶೂರೆನ್ಸ್ ಎಂದಿದ್ದರಲ್ಲ’ ಎಂದು ಒಡೆದ ಬಂಪರ್ ಮುಂದೆ ನಿಂತು ಕೇಳುವವರು ಮೂರನೆಯವರು. ಮೂವರೂ ಮಾಡಿದ್ದು ಒಂದೇ ತಪ್ಪು. ಪಾಲಿಸಿ ಮುಗಿಯುವ ಹಿಂದಿನ ರಾತ್ರಿ, ಮೊಬೈಲಿನಲ್ಲಿ ಅತಿ ಕಡಿಮೆ ಮೊತ್ತ ಕಂಡ ಕಡೆ ಬೆರಳೊತ್ತಿ ಮಲಗಿದ್ದಾರೆ. ಗ್ಯಾರೇಜಿನಲ್ಲಿ ಆಗುವ ಜಗಳದ ತೀರ್ಪು ಆ ರಾತ್ರಿಯೇ ಬರೆದಾಗಿರುತ್ತದೆ.

ಆದ್ದರಿಂದ ಈ ಮಾರ್ಗದರ್ಶಿ ಪಾಲಿಸಿ ಮುಗಿಯಲು ಒಂದು ತಿಂಗಳು ಇರುವಾಗಲೇ ಶುರುವಾಗುತ್ತದೆ. ಇಲ್ಲಿ ಹೇಳಿರುವುದೆಲ್ಲ ಭಾರತದಲ್ಲಿ ಸ್ವಂತ ಬಳಕೆಗೆ ನೋಂದಣಿಯಾದ ಬಿಳಿ ಬೋರ್ಡಿನ ಕಾರಿಗೆ. ಹಳದಿ ಬೋರ್ಡಿನ ವಾಹನಗಳ ದರ, ನಿಯಮ ಎರಡೂ ಬೇರೆ.

ಮೊದಲು ಕೈಗೆ ತೆಗೆದುಕೊಳ್ಳಬೇಕಾದ್ದು

ಆರ್‌ಸಿ, ಹಳೆಯ ಪಾಲಿಸಿಯ ಪೂರ್ತಿ ಪಿಡಿಎಫ್, ಚಾಲನಾ ಪರವಾನಗಿ, ಹೊಗೆ ತಪಾಸಣೆ ಪತ್ರ, ಕಾರಿನ ಮೇಲೆ ಸಾಲವಿದ್ದರೆ ಬ್ಯಾಂಕಿನ ಹೆಸರು. ಜೊತೆಗೆ ಒಂದು ಹಾಳೆ, ಒಂದು ಪೆನ್ನು. ಹಾಳೆ-ಪೆನ್ನು ಎಂದು ತಮಾಷೆಗೆ ಹೇಳುತ್ತಿಲ್ಲ. ಮೂರು ಕಂಪನಿಗಳ ದರವನ್ನು ಮೊಬೈಲಿನ ಮೂರು ಪರದೆಗಳಲ್ಲಿ ಅತ್ತಿತ್ತ ಸರಿಸುತ್ತಾ ಹೋಲಿಸಿದವರು ಸರಿಯಾಗಿ ಹೋಲಿಸಿದ್ದನ್ನು ನಾನು ಇದುವರೆಗೆ ಕಂಡಿಲ್ಲ.

ಹಂತ 1: ಹಳೆಯ ಪಾಲಿಸಿಯಲ್ಲಿ ಎರಡು ದಿನಾಂಕ ಹುಡುಕಿ

ಪಾಲಿಸಿಯ ಮೊದಲ ಪುಟಕ್ಕೆ ಷೆಡ್ಯೂಲ್ ಎನ್ನುತ್ತಾರೆ. ಅದರಲ್ಲಿ ಎರಡು ಅವಧಿಗಳನ್ನು ಬೇರೆ ಬೇರೆಯಾಗಿ ನಮೂದಿಸಿರುತ್ತಾರೆ. ಒಂದು ಥರ್ಡ್ ಪಾರ್ಟಿ ಭಾಗದ್ದು, ಅಂದರೆ ನಿಮ್ಮ ಕಾರಿನಿಂದ ಹೊರಗಿನವರಿಗೆ ಆಗುವ ನಷ್ಟದ್ದು, ಇನ್ನೊಂದು ನಿಮ್ಮ ಕಾರಿನ ಸ್ವಂತ ಹಾನಿಯ ಭಾಗದ್ದು. ಸುಪ್ರೀಂ ಕೋರ್ಟ್ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಯಿತು. ಆದರೆ ಸ್ವಂತ ಹಾನಿಯ ವಿಮೆಯನ್ನು ಸಾಮಾನ್ಯವಾಗಿ ಒಂದು ವರ್ಷಕ್ಕಷ್ಟೇ ಕೊಡುತ್ತಾರೆ. ಹಾಗಾಗಿ ಹೊಸ ಕಾರು ಕೊಂಡ ಒಂದು ವರ್ಷ ಒಂದು ದಿನಕ್ಕೆ ಕಂಬಕ್ಕೆ ಗುದ್ದಿದರೆ, ಪೊಲೀಸರ ಲೆಕ್ಕದಲ್ಲಿ ನಿಮಗೆ ವಿಮೆ ಇದೆ, ಗ್ಯಾರೇಜಿನ ಲೆಕ್ಕದಲ್ಲಿ ಇಲ್ಲ.

ಎರಡೂ ದಿನಾಂಕಗಳನ್ನು ಹಾಳೆಯ ಮೇಲ್ತುದಿಯಲ್ಲಿ ಬರೆಯಿರಿ. ಥರ್ಡ್ ಪಾರ್ಟಿ ಅವಧಿ ಇನ್ನೂ ಉಳಿದಿದ್ದರೆ ಸ್ವಂತ ಹಾನಿಯ ಪಾಲಿಸಿಯನ್ನು ಮಾತ್ರ ಬಿಡಿಯಾಗಿ ಕೊಳ್ಳಬಹುದು. ಅದನ್ನು ಹಳೆಯ ಕಂಪನಿಯಿಂದಲೇ ಕೊಳ್ಳಬೇಕೆಂದೇನೂ ಇಲ್ಲ.

ಹಂತ 2: ಯಾವ ಬಗೆಯ ಪಾಲಿಸಿ ಎಂದು ತೀರ್ಮಾನಿಸಿ

ಮೋಟಾರು ವಾಹನ ಕಾಯ್ದೆ, 1988ರ 146ನೇ ಸೆಕ್ಷನ್ ಕೇಳುವುದು ಥರ್ಡ್ ಪಾರ್ಟಿ ವಿಮೆಯನ್ನು ಮಾತ್ರ. ಅದಿಲ್ಲದೆ ರಸ್ತೆಗಿಳಿದು ಸಿಕ್ಕಿಬಿದ್ದರೆ ಮೊದಲ ಸಲ ₹2,000 ದಂಡ ಅಥವಾ ಮೂರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡೂ. ಮತ್ತೆ ಸಿಕ್ಕರೆ ದಂಡ ₹4,000. ದಂಡದ ಮೊತ್ತ ನೋಡಿ ಇಷ್ಟೇ ತಾನೆ ಎಂದುಕೊಳ್ಳಬೇಡಿ. ವಿಮೆ ಇಲ್ಲದ ಕಾರು ಒಬ್ಬರ ಪ್ರಾಣ ತೆಗೆದರೆ, ನ್ಯಾಯಮಂಡಳಿ ನಿಗದಿ ಮಾಡುವ ಪರಿಹಾರ ಮನೆ ಮಾರಿಸುವಷ್ಟಿರಬಹುದು.

ಥರ್ಡ್ ಪಾರ್ಟಿ ಪಾಲಿಸಿ ನಿಮ್ಮಿಂದ ಹೊರಗಿನವರಿಗೆ ಆದ ನಷ್ಟವನ್ನು ತುಂಬುತ್ತದೆ. ಸಾವು ಮತ್ತು ಗಾಯಕ್ಕೆ ಮೊತ್ತದ ಮಿತಿಯಿಲ್ಲ. ಆಸ್ತಿ ಹಾನಿಗೆ ಖಾಸಗಿ ಕಾರಿನಲ್ಲಿ ₹7.5 ಲಕ್ಷದ ಮಿತಿ. ಕೆಲವು ಕಡೆ ಈ ಮಿತಿಯನ್ನು ₹6,000ಕ್ಕೆ ಇಳಿಸಿಕೊಂಡು ಪ್ರೀಮಿಯಂ ತಗ್ಗಿಸುವ ಆಯ್ಕೆ ತೋರಿಸುತ್ತಾರೆ. ಉಳಿಯುವುದು ಪುಡಿಗಾಸು. ಇಂದು ಯಾವ ಕಾರಿನ ಬಾಗಿಲನ್ನು ಆರು ಸಾವಿರಕ್ಕೆ ಸರಿ ಮಾಡಿಕೊಡುತ್ತಾರೆ? ಅದನ್ನು ಮುಟ್ಟಬೇಡಿ.

ಈ ಭಾಗದ ದರವನ್ನು ಸರ್ಕಾರವೇ ನಿಗದಿ ಮಾಡುತ್ತದೆ, ಎಲ್ಲ ಕಂಪನಿಗಳಲ್ಲೂ ಒಂದೇ. 2022ರ ಜೂನ್ 1ರಂದು ಜಾರಿಗೆ ಬಂದ ಪಟ್ಟಿಯ ಪ್ರಕಾರ ವರ್ಷಕ್ಕೆ, 1000 ಸಿಸಿವರೆಗಿನ ಕಾರಿಗೆ ₹2,094, 1500 ಸಿಸಿವರೆಗೆ ₹3,416, ಅದಕ್ಕೂ ಮೇಲಕ್ಕೆ ₹7,897. ಇದರ ಮೇಲೆ ಶೇ 18 ಜಿಎಸ್‌ಟಿ. ವಿದ್ಯುತ್ ಕಾರುಗಳಿಗೆ ಸಿಸಿ ಬದಲು ಕಿಲೋವ್ಯಾಟ್ ಲೆಕ್ಕ. ಕೊಳ್ಳುವ ದಿನ ಚಾಲ್ತಿಯಲ್ಲಿರುವ ಪಟ್ಟಿಯನ್ನು ಒಮ್ಮೆ ನೋಡಿಕೊಳ್ಳಿ. ಯಾರಾದರೂ ಥರ್ಡ್ ಪಾರ್ಟಿ ಪ್ರೀಮಿಯಂನಲ್ಲೇ ‘ಡಿಸ್ಕೌಂಟ್’ ಕೊಡುತ್ತೇನೆ ಎಂದರೆ ಅಲ್ಲೇ ಮಾತು ನಿಲ್ಲಿಸಿ. ನಕಲಿ ಪಾಲಿಸಿಯ ಮೊದಲ ವಾಸನೆ ಅದೇ.

ಕಾಂಪ್ರಹೆನ್ಸಿವ್ ಪಾಲಿಸಿಯಲ್ಲಿ ಇದರ ಜೊತೆಗೆ ನಿಮ್ಮ ಕಾರಿನ ಅಪಘಾತ, ಕಳವು, ಬೆಂಕಿ, ನೆರೆ, ಮರ ಬಿದ್ದದ್ದು, ಗಲಭೆಯಲ್ಲಿ ಗಾಜು ಒಡೆದದ್ದು ಎಲ್ಲ ಸೇರುತ್ತವೆ. ಸಹಜ ಸವೆತ, ತಾನಾಗಿ ಆದ ಯಾಂತ್ರಿಕ ಅಥವಾ ವಿದ್ಯುತ್ ದೋಷ, ಕುಡಿದು ಓಡಿಸಿದಾಗ ಆದ ಹಾನಿ, ಪರವಾನಗಿ ಇಲ್ಲದವರು ಓಡಿಸಿದ್ದು, ಸ್ವಂತ ಕಾರನ್ನು ಬಾಡಿಗೆಗೆ ಬಿಟ್ಟಾಗ ಆದದ್ದು ಇವು ಸೇರುವುದಿಲ್ಲ. ‘ಫುಲ್ ಇನ್ಶೂರೆನ್ಸ್’ ಎಂಬ ಹೆಸರಿನ ಪಾಲಿಸಿ ಯಾವ ಕಂಪನಿಯಲ್ಲೂ ಇಲ್ಲ. ಅದು ನಮ್ಮ ಬಾಯಿಮಾತು.

ಕಾರು ಹಳೆಯದು, ಮಾರಿದರೆ ಹೆಚ್ಚೇನೂ ಬರುವುದಿಲ್ಲ, ಥರ್ಡ್ ಪಾರ್ಟಿ ಸಾಕು ಎನ್ನುವವರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ನಿಮ್ಮ ಕಾರಿನೊಳಗೆ ಕುಳಿತ ಅತ್ತೆ-ಮಾವ, ಗೆಳೆಯರು ಬರಿಯ ಥರ್ಡ್ ಪಾರ್ಟಿ ಪಾಲಿಸಿಯ ರಕ್ಷಣೆಗೆ ತಾವಾಗಿಯೇ ಒಳಪಡುವುದಿಲ್ಲ ಎಂದು ನ್ಯಾಯಾಲಯಗಳು ಹೇಳಿವೆ. ಅವರಿಗೆ ಏನಾದರೂ ಆದರೆ ಹೊಣೆ ನಿಮ್ಮದು. ಕಾಂಪ್ರಹೆನ್ಸಿವ್ ಪಾಲಿಸಿಯಲ್ಲಿ ಆ ಹೊಣೆ ಕಂಪನಿಗೆ ಹೋಗುತ್ತದೆ. ವಾರಕ್ಕೊಮ್ಮೆ ಐದು ಜನರನ್ನು ತುಂಬಿಕೊಂಡು ಊರಿಗೆ ಹೋಗುವವರು ಕಾರಿನ ಬೆಲೆ ನೋಡಿ ನಿರ್ಧರಿಸುವುದಕ್ಕಿಂತ ಒಳಗೆ ಕೂರುವವರನ್ನು ನೋಡಿ ನಿರ್ಧರಿಸುವುದು ಒಳ್ಳೆಯದು.

ಮಾಲೀಕ-ಚಾಲಕನ ವೈಯಕ್ತಿಕ ಅಪಘಾತ ವಿಮೆ ₹15 ಲಕ್ಷದ್ದು, ಇದೂ ಕಡ್ಡಾಯ. ಆದರೆ ಬೇರೆ ಕಡೆ ನಿಮ್ಮ ಹೆಸರಿನಲ್ಲಿ ಅಷ್ಟೇ ಮೊತ್ತದ ಅಪಘಾತ ವಿಮೆ ಇದ್ದರೆ ಘೋಷಣೆ ಕೊಟ್ಟು ಇದನ್ನು ಕೈಬಿಡಬಹುದು. ಮನೆಯಲ್ಲಿ ಎರಡು ವಾಹನಗಳಿವೆ ಎಂದು ಎರಡೆರಡು ಸಲ ಕಟ್ಟುತ್ತಿರುವವರು ಬಹಳ ಜನ. ಸಂಬಳಕ್ಕೆ ಚಾಲಕರನ್ನು ಇಟ್ಟುಕೊಂಡಿದ್ದರೆ ಅವರ ಹೊಣೆಗಾಗಿ ಒಂದು ಸಣ್ಣ ಹೆಚ್ಚುವರಿ ಪ್ರೀಮಿಯಂ ಇದೆ, ಅದನ್ನು ಸೇರಿಸಿ.

ಹಂತ 3: ಐಡಿವಿಯನ್ನು ನೀವೇ ಲೆಕ್ಕ ಹಾಕಿ

ಕಾರು ಕಳವಾದರೆ ಅಥವಾ ದುರಸ್ತಿಗೆ ಮೀರಿ ಜಖಂ ಆದರೆ ಕಂಪನಿ ಕೊಡುವ ಗರಿಷ್ಠ ಮೊತ್ತಕ್ಕೆ ಐಡಿವಿ ಎನ್ನುತ್ತಾರೆ. ಅದೇ ಮಾದರಿಯ ಹೊಸ ಕಾರಿನ ಈಗಿನ ಬೆಲೆಯಲ್ಲಿ ವಯಸ್ಸಿಗೆ ತಕ್ಕ ಸವಕಳಿ ಕಳೆದರೆ ಇದು ಸಿಗುತ್ತದೆ. ರಸ್ತೆ ತೆರಿಗೆ, ನೋಂದಣಿ ಖರ್ಚು ಇದರಲ್ಲಿ ಬರುವುದಿಲ್ಲ. ಸವಕಳಿಯ ಲೆಕ್ಕ ಹೀಗಿದೆ: ಆರು ತಿಂಗಳವರೆಗೆ ಶೇ 5, ಒಂದು ವರ್ಷದವರೆಗೆ ಶೇ 15, ಎರಡು ವರ್ಷದವರೆಗೆ ಶೇ 20, ಮೂರಕ್ಕೆ ಶೇ 30, ನಾಲ್ಕಕ್ಕೆ ಶೇ 40, ಐದಕ್ಕೆ ಶೇ 50. ಐದು ವರ್ಷ ದಾಟಿದರೆ ನೀವು ಮತ್ತು ಕಂಪನಿ ಒಪ್ಪಿಕೊಂಡ ಮೊತ್ತ.

ಈಗಿನ ಬೆಲೆ ₹10 ಲಕ್ಷ, ಕಾರಿಗೆ ಎರಡೂವರೆ ವರ್ಷ ಎಂದಾದರೆ ಐಡಿವಿ ₹7 ಲಕ್ಷದ ಆಸುಪಾಸಿನಲ್ಲಿ ಇರಬೇಕು. ಯಾರೋ ಎರಡು ಸಾವಿರ ರೂಪಾಯಿ ಅಗ್ಗವಾಗಿ ಕೊಡುತ್ತಿದ್ದರೆ ಮೊದಲು ಅವರ ಐಡಿವಿ ನೋಡಿ. ಅದು ₹5.8 ಲಕ್ಷಕ್ಕೆ ಇಳಿದಿರಬಹುದು. ದುರಸ್ತಿಯ ಖರ್ಚು ಐಡಿವಿಯ ಶೇ 75 ಮೀರಿದರೆ ಕಾರನ್ನು ಪೂರ್ತಿ ನಷ್ಟ ಎಂದು ಪರಿಗಣಿಸುತ್ತಾರೆ. ಅಂದರೆ ಐಡಿವಿ ಇಳಿಸಿಕೊಂಡವರಿಗೆ ಎರಡು ಪೆಟ್ಟು: ಕಾರು ಬೇಗ ಗುಜರಿಯ ಲೆಕ್ಕಕ್ಕೆ ಹೋಗುತ್ತದೆ, ಕೈಗೆ ಬರುವುದೂ ಕಡಿಮೆ.

ಸುಮ್ಮನೆ ಐಡಿವಿ ಏರಿಸಿಕೊಳ್ಳುವುದರಿಂದಲೂ ಪ್ರಯೋಜನವಿಲ್ಲ. ಸಣ್ಣಪುಟ್ಟ ದುರಸ್ತಿಯಲ್ಲಿ ಅದರಿಂದ ಒಂದು ರೂಪಾಯಿಯೂ ಹೆಚ್ಚು ಸಿಗುವುದಿಲ್ಲ.

ಹಂತ 4: ಆಡ್-ಆನ್‌ಗಳಲ್ಲಿ ಬೇಕಾದ್ದು, ಬೇಡವಾದ್ದು

ಆಡ್-ಆನ್ ಎಂದರೆ ಹೆಚ್ಚುವರಿ ಪ್ರೀಮಿಯಂ ಕಟ್ಟಿ ಪಾಲಿಸಿಗೆ ಸೇರಿಸಿಕೊಳ್ಳುವ ರಕ್ಷಣೆ. ಮೇಲೆ ಹೇಳಿದ ಮೂವತ್ತಾರು ಸಾವಿರದ ಬಿಲ್ಲನ್ನು ಇಲ್ಲಿ ಬಿಡಿಸಿ ನೋಡೋಣ. ಮೂರೂವರೆ ವರ್ಷದ, 1200 ಸಿಸಿಯ ಕಾರು. ಮುಂದಿನ ಬಂಪರ್ ₹12,000, ಬಾನೆಟ್ ₹10,000, ಮುಂಗಾಜು ₹7,000, ಕೂಲಿ ₹6,000, ಕೂಲಂಟ್, ಕ್ಲಿಪ್ಪು, ನಟ್ಟು-ಬೋಲ್ಟು ₹1,000. ತೆರಿಗೆ ಮತ್ತು ಬಣ್ಣದ ಲೆಕ್ಕವನ್ನು ಸದ್ಯಕ್ಕೆ ಬದಿಗಿಡಿ.

ಸಾದಾ ಕಾಂಪ್ರಹೆನ್ಸಿವ್ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ನೈಲಾನ್ ಭಾಗಗಳಿಗೆ ಕಾರು ಎಷ್ಟೇ ಹೊಸದಾಗಿರಲಿ ಶೇ 50 ಸವಕಳಿ. ಬಂಪರಿನಲ್ಲೇ ₹6,000 ಹೋಯಿತು. ಲೋಹದ ಭಾಗಕ್ಕೆ ವಯಸ್ಸಿನ ಮೇಲೆ, ಮೂರರಿಂದ ನಾಲ್ಕು ವರ್ಷದೊಳಗೆ ಶೇ 25. ಬಾನೆಟ್ಟಿನಲ್ಲಿ ₹2,500. ಗಾಜಿಗೆ ಸವಕಳಿ ಇಲ್ಲ, ಕೂಲಿಗೂ ಇಲ್ಲ. ಕೂಲಂಟ್ ಬಳಗಕ್ಕೆ ದುಡ್ಡೇ ಇಲ್ಲ, ₹1,000. ಕೊನೆಗೆ ಪ್ರತಿ ಕ್ಲೇಮಿನಲ್ಲೂ ನೀವು ಭರಿಸಲೇಬೇಕಾದ ಕಡ್ಡಾಯ ಕಡಿತ, 1500 ಸಿಸಿವರೆಗೆ ₹1,000, ಅದಕ್ಕೂ ಮೇಲಿನ ಕಾರಿಗೆ ₹2,000. ಒಟ್ಟು ಕಡಿತ ₹10,500. ಕಂಪನಿ ಕೊಟ್ಟದ್ದು ₹25,500. ಯಾರೂ ಮೋಸ ಮಾಡಿಲ್ಲ. ಎಲ್ಲವೂ ಪಾಲಿಸಿಯಲ್ಲಿ ಅಚ್ಚಾಗಿತ್ತು.

ಇದೇ ಕಾರಿಗೆ ಸವಕಳಿ ಕಳೆಯದೆ ದುಡ್ಡು ಕೊಡುವ ಝೀರೋ ಡೆಪ್, ಅಂದರೆ ಜನ ‘ಬಂಪರ್ ಟು ಬಂಪರ್’ ಎನ್ನುವ ಆಡ್-ಆನ್ ಇದ್ದಿದ್ದರೆ ₹34,000 ಬರುತ್ತಿತ್ತು. ಕೂಲಂಟ್ ಬಳಗಕ್ಕೂ ದುಡ್ಡು ಕೊಡುವ ಕನ್ಸ್ಯೂಮಬಲ್ಸ್ ಎಂಬ ಸಣ್ಣ ಆಡ್-ಆನ್ ಕೂಡ ಇದ್ದಿದ್ದರೆ ₹35,000. ಕಾರಿಗೆ ಐದು ವರ್ಷ ತುಂಬುವವರೆಗೆ ಝೀರೋ ಡೆಪ್ ಬಿಡಬೇಡಿ ಎನ್ನುವುದು ನನ್ನ ಮಾತು. ಹಲವು ಕಂಪನಿಗಳು ವರ್ಷಕ್ಕೆ ಇಂತಿಷ್ಟೇ ಕ್ಲೇಮ್ ಎಂದು ಮಿತಿ ಹಾಕುತ್ತವೆ. ಆ ಸಂಖ್ಯೆಯನ್ನು ಕೇಳಿ ಹಾಳೆಯಲ್ಲಿ ಬರೆದುಕೊಳ್ಳಿ.

ಎಂಜಿನ್ ರಕ್ಷಣೆಯ ಆಡ್-ಆನ್ ನೀರು ನಿಲ್ಲುವ ಕಡೆ ಇರುವವರಿಗೆ, ತಳಮಹಡಿಯಲ್ಲಿ ಪಾರ್ಕಿಂಗ್ ಇರುವವರಿಗೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು ಸುತ್ತಮುತ್ತ ಕೆರೆ ತುಂಬಿ ಬಡಾವಣೆಗಳಿಗೆ ನುಗ್ಗಿದ ಮೇಲೆ ಇದರ ಬಗ್ಗೆ ಯಾರಿಗೂ ವಿವರಿಸಬೇಕಾಗಿಲ್ಲ ಎಂದುಕೊಂಡಿದ್ದೆ. ಈಗಲೂ ವಿವರಿಸುತ್ತಲೇ ಇದ್ದೇನೆ. ನೆರೆಯಲ್ಲಿ ಸೀಟು, ಕಾರ್ಪೆಟ್ಟು, ವೈರಿಂಗ್ ಹಾಳಾದರೆ ಸಾದಾ ಪಾಲಿಸಿಯಲ್ಲೂ ಬರುತ್ತದೆ. ಆದರೆ ನೀರು ಹೊಕ್ಕ ಎಂಜಿನ್ನನ್ನು ಸ್ಟಾರ್ಟ್ ಮಾಡಿ ಕನೆಕ್ಟಿಂಗ್ ರಾಡ್ ಬಾಗಿದರೆ, ಅದು ನೆರೆಯಿಂದ ನೇರವಾಗಿ ಆದದ್ದಲ್ಲ, ನೀವು ಕೀಲಿ ತಿರುಗಿಸಿದ್ದರಿಂದ ಆದದ್ದು ಎಂದು ತಳ್ಳಿಹಾಕುತ್ತಾರೆ. ಗ್ಯಾರೇಜಿನವರು ಏರ್ ಫಿಲ್ಟರ್ ಡಬ್ಬಿ ತೆರೆದು ಒಳಗಿನ ಕೆಸರಿನ ಗೆರೆಯನ್ನು ಬೆರಳಲ್ಲಿ ತೋರಿಸಿದ ದಿನ ನನಗೆ ಇದು ಅರ್ಥವಾದದ್ದು. ಗೆರೆ ಫಿಲ್ಟರಿಗಿಂತ ಮೇಲಿತ್ತು. ಕಾರಿನವರು ಎರಡು ಸಲ ಸ್ಟಾರ್ಟ್ ಮಾಡಿ ನೋಡಿದ್ದರು.

ರಿಟರ್ನ್ ಟು ಇನ್ವಾಯ್ಸ್ ಆಡ್-ಆನ್, ಕಾರು ಕಳವಾದರೆ ಅಥವಾ ಪೂರ್ತಿ ನಷ್ಟವಾದರೆ ಐಡಿವಿಗೂ ಕೊಂಡ ಬೆಲೆಗೂ ನಡುವಿನ ವ್ಯತ್ಯಾಸ ತುಂಬುತ್ತದೆ. ಸಾಲ ದೊಡ್ಡದಿದ್ದು ಕಾರು ಹೊಸದಾಗಿದ್ದರೆ ತೆಗೆದುಕೊಳ್ಳಿ. ಕೀಲಿ ಕಳೆದರೆ, ಟೈರು ಒಡೆದರೆ, ಸಾಮಾನು ಕಳವಾದರೆ ಎಂಬ ಬಗೆಬಗೆಯ ಉಳಿದವು ಹೆಚ್ಚಿನವರಿಗೆ ಬೇಕಿಲ್ಲ. ರಸ್ತೆ ಬದಿಯ ನೆರವು ಕಾರು ತಯಾರಕರಿಂದಲೇ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಸೇರಿಸಿ.

ಕಾರಿಗೆ ಸಿಎನ್‌ಜಿ ಅಥವಾ ಎಲ್‌ಪಿಜಿ ಕಿಟ್ ಹಾಕಿಸಿದ್ದರೆ ಅದು ಆರ್‌ಸಿಯಲ್ಲೂ ಇರಬೇಕು, ಪಾಲಿಸಿಯಲ್ಲೂ ಇರಬೇಕು. ಬಚ್ಚಿಟ್ಟ ಕಿಟ್ಟಿನಿಂದ ಕ್ಲೇಮ್ ಮುರಿದುಬಿದ್ದವರು ಕಡಿಮೆಯೇನಲ್ಲ.

ಹಂತ 5: ನೋ ಕ್ಲೇಮ್ ಬೋನಸ್, ನಿಜವನ್ನೇ ಬರೆಯಿರಿ

ವರ್ಷವಿಡೀ ಕ್ಲೇಮ್ ಮಾಡದಿದ್ದರೆ ಮುಂದಿನ ವರ್ಷ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇ 20 ರಿಯಾಯಿತಿ. ಹಾಗೇ ಮುಂದುವರಿದರೆ 25, 35, 45, ಐದನೆಯ ವರ್ಷಕ್ಕೆ 50. ಒಂದು ಕ್ಲೇಮ್ ಮಾಡಿದರೆ ಮರುವರ್ಷ ಸೊನ್ನೆಗೆ.

ಆನ್‌ಲೈನ್ ಅರ್ಜಿಯಲ್ಲಿ ‘ಕಳೆದ ವರ್ಷ ಕ್ಲೇಮ್ ಮಾಡಿದ್ದೀರಾ’ ಎಂಬ ಪ್ರಶ್ನೆಗೆ ‘ಇಲ್ಲ’ ಎಂದು ಒತ್ತಿದರೆ ಮೊತ್ತ ತಟ್ಟನೆ ಇಳಿಯುತ್ತದೆ. ಕಂಪನಿಗೆ ಗೊತ್ತಾಗುವುದಿಲ್ಲ ಎಂದು ಏಜೆಂಟರೇ ಹಾಗೆ ಒತ್ತಿ ಕೊಡುವುದುಂಟು. ಹಳೆಯ ಕಂಪನಿಯನ್ನು ಕೇಳಿ ತಾಳೆ ನೋಡುವುದು ಹೊಸ ಕಂಪನಿಗೆ ಕಷ್ಟವೇನಲ್ಲ. ಘೋಷಣೆ ಸುಳ್ಳೆಂದು ತಿಳಿದರೆ ಸ್ವಂತ ಹಾನಿಯ ಭಾಗದ ಎಲ್ಲ ಪ್ರಯೋಜನ ಕಳೆದುಕೊಳ್ಳುತ್ತೀರಿ ಎಂದು ಅದೇ ಅರ್ಜಿಯ ಕೆಳಗೆ ಬರೆದಿರುತ್ತದೆ.

ಬೋನಸ್ ನಿಮ್ಮದು, ಕಾರಿನದಲ್ಲ. ಕಾರು ಮಾರಿ ಹೊಸದು ಕೊಂಡರೆ ಹಳೆಯ ಕಂಪನಿಯಿಂದ ಬೋನಸ್ ಕಾಯ್ದಿರಿಸಿದ ಪತ್ರ ಪಡೆಯಿರಿ. ಅದು ಮೂರು ವರ್ಷದವರೆಗೆ ನಡೆಯುತ್ತದೆ. ಪಾಲಿಸಿ ಮುಗಿದು 90 ದಿನ ದಾಟಿದರೆ ಮಾತ್ರ ಕೂಡಿಟ್ಟ ಬೋನಸ್ಸೆಲ್ಲ ನೀರುಪಾಲು.

ಹಂತ 6: ದರ ಹೋಲಿಕೆ

ಮೂರು ಕಂಪನಿ ಸಾಕು. ಒಂದೇ ಐಡಿವಿ, ಒಂದೇ ಆಡ್-ಆನ್‌ಗಳು, ಒಂದೇ ಬೋನಸ್ ಇಟ್ಟು ಮೊತ್ತ ಬರೆಯಿರಿ. ಸ್ವಯಂಪ್ರೇರಿತ ಕಡಿತ ಎಂಬ ಜಾಗದಲ್ಲಿ ಸೊನ್ನೆ ಇರಲಿ. ಅಲ್ಲಿ ₹5,000 ಎಂದಿದ್ದರೆ ಪ್ರತಿ ಕ್ಲೇಮಿನಲ್ಲೂ ಕಡ್ಡಾಯ ಕಡಿತದ ಮೇಲೆ ಇನ್ನೂ ಐದು ಸಾವಿರ ನಿಮ್ಮ ಜೇಬಿನಿಂದ. ನಿಮ್ಮ ಮನೆಗೆ ಹತ್ತಿರದ, ನೀವು ನಂಬುವ ಗ್ಯಾರೇಜು ಆ ಕಂಪನಿಯ ಕ್ಯಾಶ್‌ಲೆಸ್ ಪಟ್ಟಿಯಲ್ಲಿ, ಅಂದರೆ ಕಂಪನಿಯೇ ತನ್ನ ಪಾಲನ್ನು ನೇರವಾಗಿ ಗ್ಯಾರೇಜಿಗೆ ಕಟ್ಟುವ ಪಟ್ಟಿಯಲ್ಲಿ, ಇದೆಯೇ ಎಂದು ಗ್ಯಾರೇಜಿಗೇ ಫೋನ್ ಮಾಡಿ ಕೇಳಿ. ಕಂಪನಿಯ ಪಟ್ಟಿಯಲ್ಲಿ ಹೆಸರಿದ್ದು ಗ್ಯಾರೇಜಿನವರು ‘ಈಗ ಅವರದು ಮಾಡುತ್ತಿಲ್ಲ’ ಎಂದದ್ದನ್ನು ಕೇಳಿದ್ದೇನೆ.

ಹಂತ 7: ಹಣ ಕಟ್ಟಿ, ಹತ್ತು ನಿಮಿಷ ಓದಿ

ಅವಧಿ ಮುಗಿಯುವ ಮೊದಲೇ ಕಟ್ಟಿ. ಒಂದು ದಿನ ತಡವಾದರೂ ಆ ದಿನ ನಿಮಗೆ ವಿಮೆ ಇಲ್ಲ, ಕೃಪಾವಧಿ ಎಂಬುದು ಇಲ್ಲಿ ಇಲ್ಲ. ತಡವಾದರೆ ಸ್ವಂತ ಹಾನಿಯ ಭಾಗಕ್ಕೆ ಕಾರಿನ ತಪಾಸಣೆ ಅಥವಾ ವೀಡಿಯೊ ಕೇಳುತ್ತಾರೆ. ಆಗ ಕಂಡ ಹಳೆಯ ತಗ್ಗು, ಗೀರುಗಳಿಗೆ ಮುಂದೆ ದುಡ್ಡಿಲ್ಲ.

ಹಣ ಕಂಪನಿಯ ಖಾತೆಗೇ ಹೋಗಬೇಕು. ವ್ಯಕ್ತಿಯೊಬ್ಬರ ಮೊಬೈಲ್ ಸಂಖ್ಯೆಗೆ ಯುಪಿಐ ಮಾಡಿ ಎಂದರೆ ಬೇಡ. ಪಾಲಿಸಿ ಬಂದ ಕೂಡಲೇ ಅದರ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಪಾಲಿಸಿ ಸಂಖ್ಯೆಯನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ನೋಡಿ. ಕೆಲ ದಿನಗಳ ನಂತರ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನಿಮ್ಮ ಕಾರಿನ ಸಂಖ್ಯೆ ಕೊಟ್ಟರೆ ಹೊಸ ಅವಧಿ ಕಾಣಬೇಕು.

ನಂತರ ಆರ್‌ಸಿಯನ್ನು ಪಕ್ಕದಲ್ಲಿಟ್ಟುಕೊಂಡು ತಾಳೆ ನೋಡಿ: ಹೆಸರು, ನೋಂದಣಿ ಸಂಖ್ಯೆ, ಎಂಜಿನ್ ಸಂಖ್ಯೆ, ಚಾಸಿ ಸಂಖ್ಯೆ, ಇಂಧನ, ಸಾಲ ಕೊಟ್ಟ ಬ್ಯಾಂಕು, ಐಡಿವಿ, ಆಡ್-ಆನ್‌ಗಳ ಹೆಸರು. ನನ್ನದೇ ಪಾಲಿಸಿಯೊಂದರಲ್ಲಿ ಚಾಸಿ ಸಂಖ್ಯೆಯ ಕೊನೆಯಲ್ಲಿ 8 ಇರಬೇಕಾದ ಕಡೆ 3 ಇತ್ತು. ಎರಡು ವರ್ಷ ಹಾಗೇ ನವೀಕರಣವಾಗಿತ್ತು. ಏಕೆಂದರೆ ಪ್ರತಿ ವರ್ಷವೂ ಹಿಂದಿನ ವರ್ಷದ ತಪ್ಪೇ ತಾನಾಗಿ ತುಂಬಿಕೊಳ್ಳುತ್ತದೆ. ಆರ್‌ಸಿಯ ಚಿತ್ರ ಸೇರಿಸಿ ಇಮೇಲ್ ಬರೆದೆ, ತಿದ್ದುಪಡಿ ಪತ್ರ ಬಂತು. ಇದೇ ತಪ್ಪು ಕಾರು ಕಳವಾದ ಮೇಲೆ ಗೊತ್ತಾಗಿದ್ದರೆ ಎಷ್ಟು ತಿಂಗಳು ಅಲೆಯಬೇಕಿತ್ತೋ.

ಹಂತ 8: ಅಪಘಾತವಾದ ದಿನ

ಮೊದಲು ಜನ, ಆಮೇಲೆ ಕಾರು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸುವುದು ಚಾಲಕನ ಕಾನೂನುಬದ್ಧ ಹೊಣೆ. ಸ್ಥಳದಲ್ಲಿ ಪೊಲೀಸರು ಇಲ್ಲದಿದ್ದರೆ 24 ಗಂಟೆಯೊಳಗೆ ಹತ್ತಿರದ ಠಾಣೆಗೆ ತಿಳಿಸಬೇಕು. ತುರ್ತಿಗೆ 112, ಕರ್ನಾಟಕದಲ್ಲಿ ಆಂಬುಲೆನ್ಸಿಗೆ 108.

ಕಾರನ್ನು ಸರಿಸುವ ಮೊದಲು ಫೋಟೊ ತೆಗೆಯಿರಿ. ದೂರದಿಂದ ನಾಲ್ಕು ದಿಕ್ಕು, ಹತ್ತಿರದಿಂದ ಪೆಟ್ಟು ಬಿದ್ದ ಜಾಗ, ಎದುರಿನ ವಾಹನದ ಸಂಖ್ಯೆ ಫಲಕ, ರಸ್ತೆಯ ಮೇಲಿನ ಟೈರಿನ ಗುರುತು. ಆನಂತರ ಕಂಪನಿಯ ಸಹಾಯವಾಣಿಗೆ ಕರೆ ಮಾಡಿ ಕ್ಲೇಮ್ ಸಂಖ್ಯೆ ಪಡೆಯಿರಿ. ಇದು ಅಂದೇ ಆಗಬೇಕು. ಯಾರು ಓಡಿಸುತ್ತಿದ್ದರು ಎಂಬ ಪ್ರಶ್ನೆಗೆ ನಿಜ ಹೇಳಿ. ಮಗ ಓಡಿಸಿದ್ದನ್ನು ಅಪ್ಪ ತನ್ನ ಹೆಸರಿಗೆ ಹಾಕಿಕೊಳ್ಳುವುದು ನಮ್ಮಲ್ಲಿ ಸಾಮಾನ್ಯ, ಆದರೆ ಸಿಸಿಟಿವಿ ಇಲ್ಲದ ರಸ್ತೆ ಈಗ ಸಿಗುವುದು ಕಷ್ಟ. ಮಗನಿಗೆ ಪರವಾನಗಿ ಇದ್ದಿದ್ದರೆ ಆ ಸುಳ್ಳಿನ ಅಗತ್ಯವೇ ಇರಲಿಲ್ಲ. ಮಾಲೀಕರ ಒಪ್ಪಿಗೆಯಿಂದ ಓಡಿಸುವ, ಪರವಾನಗಿ ಇರುವ ಯಾರಿಗಾದರೂ ಪಾಲಿಸಿ ಅನ್ವಯಿಸುತ್ತದೆ.

ಎದುರಿನವರಿಗೆ ಗಾಯವಾಗಿದ್ದರೆ ಸ್ಥಳದಲ್ಲೇ ದುಡ್ಡು ಕೊಟ್ಟು, ಕಾಗದ ಬರೆದು ರಾಜಿ ಮಾಡಿಕೊಳ್ಳಬೇಡಿ. ಕಂಪನಿಯ ಒಪ್ಪಿಗೆಯಿಲ್ಲದೆ ತಪ್ಪೊಪ್ಪಿಕೊಂಡು ಹಣ ಕೊಡುವಂತಿಲ್ಲ ಎಂಬ ಷರತ್ತು ಪಾಲಿಸಿಯಲ್ಲೇ ಇದೆ. ಕಾರು ನೀರಿನಲ್ಲಿ ನಿಂತಿದ್ದರೆ ಸ್ಟಾರ್ಟ್ ಮಾಡಬೇಡಿ, ಸಾಧ್ಯವಿದ್ದರೆ ಬ್ಯಾಟರಿಯ ಸಂಪರ್ಕ ತೆಗೆಸಿ, ಎಳೆದುಕೊಂಡೇ ಹೋಗಲಿ.

ಕಳವಾದರೆ ಎಫ್‌ಐಆರ್ ಅಂದೇ ಆಗಲಿ, ಕಂಪನಿಗೂ ಅಂದೇ ತಿಳಿಸಿ. ಎರಡೂ ಕೀಲಿಗಳನ್ನು ಕೇಳುತ್ತಾರೆ. ಕಾರು ಪತ್ತೆಯಾಗಲಿಲ್ಲ ಎಂದು ಪೊಲೀಸರು ಕೊಡುವ ಅಂತಿಮ ವರದಿ, ನಮ್ಮಲ್ಲಿ ಸಿ ರಿಪೋರ್ಟ್ ಎನ್ನುತ್ತಾರೆ, ಅದು ಬರುವವರೆಗೆ ಹಣ ಬರುವುದು ಕಷ್ಟ.

ಹಂತ 9: ಕ್ಲೇಮ್ ಮಾಡಬೇಕೆ ಎಂದು ಲೆಕ್ಕ ಹಾಕಿ, ಆಮೇಲೆ ಸರ್ವೇಯರ್

ಬೋನಸ್ ಇಲ್ಲದೆ ನಿಮ್ಮ ಸ್ವಂತ ಹಾನಿಯ ಪ್ರೀಮಿಯಂ ₹9,000 ಎಂದುಕೊಳ್ಳಿ, ಈಗ ಶೇ 50 ಬೋನಸ್ ಇದೆ, ಕಟ್ಟುತ್ತಿರುವುದು ₹4,500. ಒಂದು ಕ್ಲೇಮ್ ಮಾಡಿದರೆ ಮುಂದಿನ ವರ್ಷಗಳಲ್ಲಿ ಕ್ರಮವಾಗಿ ₹9,000, ₹7,200, ₹6,750, ₹5,850, ₹4,950 ಕಟ್ಟಿ ಆರನೆಯ ವರ್ಷ ಮತ್ತೆ ₹4,500ಕ್ಕೆ ಬರುತ್ತೀರಿ. ಐದು ವರ್ಷದಲ್ಲಿ ಹೆಚ್ಚಿಗೆ ಕಟ್ಟಿದ್ದು ₹11,250. ಐಡಿವಿ ಇಳಿಯುತ್ತಾ ಹೋಗುವುದರಿಂದ ನಿಜದ ಮೊತ್ತ ಸ್ವಲ್ಪ ಕಡಿಮೆ ಆಗಬಹುದು. ಆದರೂ ಬಾಗಿಲಿನ ಗೀರಿಗೆ ₹4,000ದ ಕ್ಲೇಮ್ ಮಾಡುವುದು ಶುದ್ಧ ನಷ್ಟ. ಬೋನಸ್ ರಕ್ಷಣೆಯ ಆಡ್-ಆನ್ ಇದ್ದವರಿಗೆ ಮಾತ್ರ ಈ ಲೆಕ್ಕ ಬೇರೆ.

ಕ್ಲೇಮ್ ಮಾಡುವುದೇ ಎಂದಾದರೆ ಸರ್ವೇಯರ್, ಅಂದರೆ ಹಾನಿಯನ್ನು ಅಂದಾಜು ಮಾಡಲು ಕಂಪನಿ ಕಳಿಸುವವರು, ನೋಡುವವರೆಗೆ ಕಾರಿನ ಒಂದು ಸ್ಕ್ರೂ ಕೂಡ ಬಿಚ್ಚಿಸಬೇಡಿ. ಗ್ಯಾರೇಜಿನ ಅಂದಾಜು ಪಟ್ಟಿಯ ಪ್ರತಿ ಕೇಳಿ. ‘ಹಳೆಯ ಗೀರನ್ನೂ ಇದರಲ್ಲೇ ಸೇರಿಸಿಬಿಡೋಣ ಸರ್’ ಎಂಬ ಮಾತಿಗೆ ಒಪ್ಪಬೇಡಿ. ತುಕ್ಕು ಹಿಡಿದ ಹಳೆಯ ತಗ್ಗನ್ನು ಸರ್ವೇಯರ್ ಗುರುತಿಸಿದರೆ ನಿಜವಾದ ಪೆಟ್ಟಿನ ಮೇಲೂ ಅನುಮಾನ ಬೀಳುತ್ತದೆ. ಭಾಗವನ್ನು ಬದಲಿಸಬೇಕೋ ದುರಸ್ತಿ ಮಾಡಬೇಕೋ ಎಂಬಲ್ಲಿ ತಕರಾರು ಬಂದರೆ ಮಾತಿನಲ್ಲಿ ಮುಗಿಸದೆ ಇಮೇಲ್ ಬರೆಯಿರಿ. ಸರ್ವೇ ವರದಿಯ ಪ್ರತಿ ಕೇಳಿ ಪಡೆಯಬಹುದು.

ಹೊಗೆ ತಪಾಸಣೆ ಪತ್ರ ಇರಲಿಲ್ಲ ಎಂಬ ಒಂದೇ ಕಾರಣಕ್ಕೆ ಕ್ಲೇಮ್ ನಿರಾಕರಿಸುವಂತಿಲ್ಲ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2020ರಲ್ಲೇ ಸ್ಪಷ್ಟಪಡಿಸಿದೆ. ಅದನ್ನು ಹೇಳಿ ಹೆದರಿಸಿದರೆ ಹೆದರಬೇಡಿ. ಪತ್ರವನ್ನಂತೂ ಮಾಡಿಸಿ.

ಹಂತ 10: ಕ್ಲೇಮ್ ತಿರಸ್ಕಾರವಾದರೆ

ತಿರಸ್ಕಾರವನ್ನು ಬರಹದಲ್ಲಿ, ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂಬುದರ ಸಮೇತ ಪಡೆಯಿರಿ. ಮೊದಲ ದೂರು ಕಂಪನಿಯ ಕುಂದುಕೊರತೆ ಅಧಿಕಾರಿಗೆ. ಅಲ್ಲಿ ಸರಿಹೋಗದಿದ್ದರೆ ಪ್ರಾಧಿಕಾರದ ಬಿಮಾ ಭರೋಸಾ ಜಾಲತಾಣದಲ್ಲಿ ದೂರು ದಾಖಲಿಸಿ, ಅಥವಾ 155255ಕ್ಕೆ ಕರೆ ಮಾಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮೆಯ ದೂರುಗಳನ್ನು ಕೇಳಿ ತೀರ್ಮಾನಿಸುವ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ₹50 ಲಕ್ಷದವರೆಗಿನ ಪ್ರಕರಣ ತೆಗೆದುಕೊಳ್ಳುತ್ತಾರೆ. ಕಂಪನಿಯ ತಿರಸ್ಕಾರದಿಂದ ಒಂದು ವರ್ಷದೊಳಗೆ ಹೋಗಬೇಕು. ಗ್ರಾಹಕರ ಆಯೋಗದ ದಾರಿಯೂ ಇದೆ, ಅದಕ್ಕೆ ಎರಡು ವರ್ಷದ ಗಡುವು. ಅಂದು ಹಾಳೆಯಲ್ಲಿ ಬರೆದಿಟ್ಟದ್ದು, ಇಮೇಲ್‌ಗಳು, ಫೋಟೊಗಳು ಬೆಲೆ ಪಡೆಯುವುದು ಇಲ್ಲಿ.

ಹಳೆಯ ಕಾರು ಕೊಳ್ಳುವವರು, ಮಾರುವವರು

ಕಾರು ಕೈ ಬದಲಾದಾಗ ಥರ್ಡ್ ಪಾರ್ಟಿ ಭಾಗ ಕಾಯ್ದೆಯ 157ನೇ ಸೆಕ್ಷನ್ ಪ್ರಕಾರ ಹೊಸಬರಿಗೆ ತಾನಾಗಿ ಹೋಗುತ್ತದೆ. ಸ್ವಂತ ಹಾನಿಯ ಭಾಗ ಹೋಗುವುದಿಲ್ಲ. ಕೊಂಡವರು 14 ದಿನಗಳೊಳಗೆ ಕಂಪನಿಗೆ ಅರ್ಜಿ ಕೊಟ್ಟು ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಹಳೆಯ ಮಾಲೀಕರ ಬೋನಸ್ ನಿಮಗೆ ಸಿಗುವುದಿಲ್ಲವಾದ್ದರಿಂದ ಅದರ ವ್ಯತ್ಯಾಸದ ಹಣ ಕಟ್ಟಬೇಕಾಗುತ್ತದೆ. ಆ ಖರ್ಚನ್ನು ಕಾರಿನ ಬೆಲೆಯ ಮಾತುಕತೆಯಲ್ಲೇ ಸೇರಿಸಿಕೊಳ್ಳಿ.

ಮಾರಿದವರು ಕೀಲಿ ಕೊಟ್ಟು ಕೈ ತೊಳೆದುಕೊಂಡೆ ಎಂದುಕೊಳ್ಳಬೇಡಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಕಾರು ಆಮೇಲೆ ಮೂರು ಕೈ ದಾಟಿದ್ದರೂ ಪರಿಹಾರದ ನೋಟಿಸು ನಿಮ್ಮ ಮನೆಗೇ ಬರುತ್ತದೆ. ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿ ದಲ್ಲಾಳಿಯ ಕೈಗೆ ಕೊಟ್ಟು ಮರೆಯದೆ, ವಾರಕ್ಕೊಮ್ಮೆ ಎಂಪರಿವಾಹನ್‌ನಲ್ಲಿ ಕಾರಿನ ಸಂಖ್ಯೆ ಹಾಕಿ ನೋಡುತ್ತಿರಿ, ಮಾಲೀಕರ ಹೆಸರು ಬದಲಾಗುವವರೆಗೆ.